ಥೀಸಿಸ್‌ನಿಂದ ಬಿಟ್ಟ ದೊಡ್ಡಮ್ಮ

ಸಮಾಜಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ವಿಷಯ ಮೊಳಕಾಲ್ಮೂರಿನ ನೇಕಾರ ಮಹಿಳೆಯರ ಆರೋಗ್ಯ. ಚಳ್ಳಕೆರೆಯಿಂದ ಬೆಳಗಿನ ಬಸ್ಸು ಹತ್ತಿ, ಪ್ರಶ್ನಾವಳಿಯ ಜೆರಾಕ್ಸ್ ಹಿಡಿದು ಮಗ್ಗದ ಮನೆಗಳಿಗೆ ಹೋಗುತ್ತಿದ್ದೆ. ಬೆನ್ನುನೋವಿನ ಅಧ್ಯಾಯ ಆಗಲೇ ಬರೆದಿಟ್ಟಿದ್ದೆ. ನೋವಿರುವವರು ಸಿಗುವುದಷ್ಟೇ ಬಾಕಿ.

ಒಂದು ಮನೆಯಲ್ಲಿ ಅರವತ್ತು ದಾಟಿದ ಹೆಂಗಸು ಸೀರೆ ನೇಯುತ್ತಿದ್ದರು. ನಾನು ಪೆನ್ನು ತೆಗೆಯುವಷ್ಟರಲ್ಲಿ ಅವರೇ ಶುರು ಮಾಡಿದರು.

"ಬಾರಮ್ಮಾ, ಕೂತ್ಕೊ. ಓದಿರೋದು ನಾಕನೇ ಕ್ಲಾಸು. ಬೆನ್ನು ನೋವು ಐತೆ, ಕಣ್ಣು ಮಂಜು. ಬರ್ಕೊಂಡ್ಯಾ?"

"ನಾನಿನ್ನೂ ಕೇಳೇ ಇಲ್ವಲ್ಲ ದೊಡ್ಡಮ್ಮ."

"ನಿನಗಿಂತ ಮುಂಚೆ ನಾಕು ಜನ ಬಂದೋದ್ರು. ಎಲ್ರುದೂ ಇದೇ ಹಾಳೆ."

ಬರೆದುಕೊಂಡೆ. ಟೀ ಕುಡಿಯುತ್ತಾ, ಬೆನ್ನು ನೋವು ಎಷ್ಟು ವರ್ಷದಿಂದ ಎಂದು ಸುಮ್ಮನೆ ಕೇಳಿದೆ.

"ನಂಗೆಂಥ ನೋವಮ್ಮ? ಮೊದ್ಲು ಬಂದ ಹುಡುಗಿಗೆ ಇಲ್ಲ ಅಂದೆ, ಮುಖ ಸಣ್ಣ ಮಾಡ್ಕೊಂಡ್ಲು. ಪಾಪ, ದೂರದಿಂದ ಬಂದಿದ್ಲು. ಆಮೇಲೆ ಬಂದೋರಿಗೆಲ್ಲ ಐತೆ ಅಂತಾನೇ ಹೇಳ್ತೀನಿ."

ದೊಡ್ಡದೇನೋ ಕಂಡುಹಿಡಿದೆ ಅನ್ನುವ ಉತ್ಸಾಹದಲ್ಲಿ ಇದನ್ನು ನನ್ನ ಗೈಡ್‌ಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಆಕೆ ವಿಶ್ವಾಸಾರ್ಹ ಮಾಹಿತಿದಾರಳಲ್ಲ, ತೆಗೆದುಬಿಡಮ್ಮ" ಅಂದರು. ನಿಜ ಹೇಳಿದ ಒಬ್ಬರೇ ಒಬ್ಬರನ್ನು ತೆಗೆದುಬಿಟ್ಟೆ. ಅಧ್ಯಾಯ ಚೊಕ್ಕಟವಾಯಿತು.

ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರು ಪುಟ ತಿರುವುತ್ತಾ, "ಎಲ್ಲರಿಗೂ ಬೆನ್ನುನೋವು ಅಂತ ಬರೆದಿದ್ದೀರಿ. ಉತ್ತರ ನಿಜ ಅಂತ ಹೇಗೆ ತಿಳೀತು?" ಎಂದು ಕೇಳಿದರು. ಗೈಡ್ ಫ್ಯಾನಿನ ಕಡೆ ನೋಡತೊಡಗಿದರು.

"ಮತ್ತೆ ಮತ್ತೆ ಹೋಗಿ ಖಾತ್ರಿ ಮಾಡ್ಕೊಂಡಿದ್ದೀನಿ ಸರ್," ಅಂದೆ.

ಎಲ್ಲರೂ ತಲೆಯಾಡಿಸಿದರು. ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಬಂತು.

ಮುಂದಿನ ವಾರ ಥೀಸಿಸ್ ಪ್ರತಿ ಹಿಡಿದು ಮೊಳಕಾಲ್ಮೂರಿಗೆ ಹೋದೆ. ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ತೊಡೆಯ ಮೇಲಿಟ್ಟುಕೊಂಡರು.

"ನಾನು ಎಲ್ಲಿದೀನಿ, ತೋರ್ಸು."

ಕೃತಜ್ಞತೆಯ ಪುಟ ತೋರಿಸಿ ಪಾರಾಗಬಹುದಿತ್ತು. ಯಾಕೋ ಮನಸ್ಸು ಬರಲಿಲ್ಲ.

"ನಿಮ್ಮನ್ನ ಬಿಟ್ಬಿಟ್ಟೆ ದೊಡ್ಡಮ್ಮ. ನೋವಿಲ್ಲ ಅಂದ್ರಲ್ಲ, ಲೆಕ್ಕಕ್ಕೆ ಕೂರ್ಲಿಲ್ಲ."

ಅವರು ಇನ್ನೊಂದೆರಡು ಪುಟ ಮಗುಚಿದರು. "ಅದೇ ಹೇಳಿದ್ನಲ್ಲ, ಐತೆ ಅಂತ ಬರ್ಕೊಂಡಿದ್ರೆ ಆಗ್ತಿತ್ತು," ಎಂದರು. ಅವರಿಗೆ ನನ್ನ ಮೇಲೆ ಕೋಪವಿರಲಿಲ್ಲ, ಕನಿಕರವಿತ್ತು. ನನಗೆ ಕೋಪವೇ ವಾಸಿ ಅನ್ನಿಸಿತು.

ಊಟಕ್ಕೆ ಎಬ್ಬಿಸಿ ಅನ್ನ, ಸಾರು ಬಡಿಸಿದರು. ಹದಿನಾರಕ್ಕೆ ಮದುವೆಯಾಗಿ ಬಂದಿದ್ದು, ಅತ್ತೆಗೆ ಗೊತ್ತಾಗದ ಹಾಗೆ ನೇಯುವುದು ಕಲಿತಿದ್ದು, ಮೊದಲ ಸೀರೆ ಯಾರೋ ಉಟ್ಟು ಹೋಗುತ್ತಿದ್ದುದನ್ನು ಕಂಡು ಬಸ್ ಸ್ಟ್ಯಾಂಡಿನವರೆಗೂ ಹಿಂದೆಯೇ ನಡೆದಿದ್ದು, ಎಲ್ಲ ಹೇಳಿದರು. ನಾಲ್ಕು ವರ್ಷದ ಸಂಶೋಧನೆಯಲ್ಲಿ ಯಾರ ಬಾಯಲ್ಲೂ ನಾನು ಕೇಳದ ಮಾತುಗಳು. ನನ್ನ ಕೈ ಎಂಜಲಾಗಿತ್ತು, ಒಂದಕ್ಷರವೂ ಬರೆದುಕೊಳ್ಳಲಿಲ್ಲ.