ತೂಬಿನ ಸ್ಕ್ರೂ ಕೊರೆದ ಲೇತಣ್ಣ

ಆ ಸ್ಕ್ರೂ ಕೆಡಿಸಿದ್ದು ನಮ್ಮ ಭಾವ. ಲೇತಣ್ಣ ಅಲ್ಲ. ಕಡೂರಿನಲ್ಲಿ ಆಗಿನವರು ಯಾರಾದರೂ ಉಳಿದಿದ್ದರೆ ಕೇಳಿ ನೋಡಿ, ಕುಡುಕ ಲೇತಿನವನು ಸಿಂಗಟಗೆರೆ ಕೆರೆಯ ನೀರು ಬಿಡುವ ನೀರುಗಂಟಿಯ ಕೈ ಕಳೆದ ಅಂತಲೇ ಹೇಳುತ್ತಾರೆ. ಸುಳ್ಳು. ನನ್ನ ಗಂಡನ ಅಣ್ಣ, ಹಣೆ ತುಂಬ ವಿಭೂತಿ ಬಳಿದುಕೊಂಡು, ನನ್ನ ಕಣ್ಣೆದುರಿಗೇ ಮಾಡಿದ ಕೆಲಸ ಅದು.

ಹೋದ ತಿಂಗಳು ತರೀಕೆರೆಗೆ ಹೋಗಿದ್ದೆ. ಮೊಮ್ಮಗಳು ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಲೇತ್ ನಡೆಸುತ್ತಾಳೆ. ಒಳಗೆ ಕಾಲಿಟ್ಟ ಕೂಡಲೇ ಬಿಸಿ ಕಬ್ಬಿಣಕ್ಕೆ ಎಣ್ಣೆ ತಾಗಿದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷ ಎಲ್ಲಿತ್ತೋ... ಲೇತಣ್ಣನ ಖಾಕಿ ಅಂಗಿಯ ವಾಸನೆ ಅದು.

ಗಾಜಿನ ಬಾಗಿಲ ಹಿಂದೆ ಕಬ್ಬಿಣದ ಸರಳು ಗಿರಗಿರ ತಿರುಗುತ್ತಿತ್ತು. ಉಳಿ ಅದರ ಮೇಲೆ ಹಾದು ಸ್ಕ್ರೂವಿನ ಹಲ್ಲು ಕೊರೆಯಿತು, ಹಿಂದಕ್ಕೆ ಓಡಿತು, ಮತ್ತೆ ಬಂತು. ಹೋದ ದಾರಿಯಲ್ಲೇ ಮತ್ತೆ ಮತ್ತೆ. ಕೂದಲಷ್ಟೂ ಆಚೀಚೆ ಇಲ್ಲ.

“ಇಷ್ಟು ಜೋರಾಗಿ ತಿರುಗ್ತಾ ಇದೆ, ಉಳಿ ಅದೇ ತೋಡಿಗೇ ಹೆಂಗೆ ಬಂದು ಕೂರ್ತದೆ ಕಣೇ?” ಅಂದೆ.

“ಸರಳು ಎಷ್ಟು ತಿರುಗಿದೆ ಅಂತ ಮಿಷನ್ ನೋಡ್ತಾನೇ ಇರ್ತದೆ ಅಜ್ಜಿ. ಮೊದಲನೇ ಸಾರಿ ಎಲ್ಲಿ ಹಿಡೀತೋ ಅದೇ ಜಾಗ ಎದುರಿಗೆ ಬರೋವರ್ಗೂ ಉಳಿ ಕಾಯ್ತದೆ. ಆಮೇಲೇ ಹೊರಡೋದು.”

“ನಡುವೆ ಯಾರಾದ್ರೂ ಕೈ ಹಾಕಿ ಸರಿಸಿದ್ರೆ?”

“ಬಾಗಿಲು ತೆಗೆದ್ರೆ ಮಿಷನ್ನೇ ನಿಂತ್ಹೋಗ್ತದೆ. ಕೈ ಹಾಕಕ್ಕೆ ಬಿಟ್ರೆ ತಾನೇ!”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಗಾಜಿನ ಬಾಗಿಲು ಕಡೂರಿನ ನಮ್ಮ ಶೆಡ್ಡಿನಲ್ಲಿ ಇರಬೇಕಿತ್ತು.

ಎಮರ್ಜೆನ್ಸಿ ಮುಗಿದ ಮೇಲಿನ ಮಾತು. ಮನೆ ಹಿಂದಿನ ಶೆಡ್ಡಿನಲ್ಲಿ ಭಾವ ಒಂದು ಹಳೇ ಲೇತ್ ಇಟ್ಟಿದ್ದರು. ಅದರ ಮೇಲೆ ಕೆಲಸಕ್ಕಿದ್ದವನು ಭದ್ರಾವತಿ ಕಡೆ ಕಲಿತು ಬಂದವನು. ನಾವು ಹೆಂಗಸರು ಮಕ್ಕಳು ಲೇತಣ್ಣ ಅಂತಿದ್ದೆವು. ಒಳ್ಳೆಯವನು, ಸಾಧು, ಹಾಗೆಲ್ಲ ಹೇಳಲಾರೆ. ಬಾಯಿ ಕೆಟ್ಟದ್ದು. ತನ್ನಂಥ ಕೆಲಸಗಾರ ಅರಸೀಕೆರೆಯಿಂದ ಶಿವಮೊಗ್ಗದವರೆಗೆ ಹುಡುಕಿದರೂ ಸಿಗಲ್ಲ ಅಂತ ತಾನೇ ಹೇಳಿಕೊಳ್ಳುತ್ತಿದ್ದ. ನಾನು ಕಾಫಿ ಕೊಟ್ಟರೆ, “ಏನಮ್ಮಾ, ಲೋಟ ತೊಳೆದ ನೀರಾ?” ಅನ್ನೋನು. ಭಾನುವಾರ ಕುಡೀತಿದ್ದ, ಅದೂ ನಿಜ. ಲೇತಿನ ಮುಂದೆ ಮಾತ್ರ ಕುಡಿದು ನಿಂತವನಲ್ಲ.

ಆ ಲೇತಿನಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಸರಳು ತಿರುಗುವುದಕ್ಕೂ ಉಳಿ ನಡೆಯುವುದಕ್ಕೂ ಹಲ್ಲುಚಕ್ರಗಳಲ್ಲಿ ಜೋಡಿ ಹಾಕಿ, ಒಂದು ಹಿಡಿ ಅದುಮಿ ಕಚ್ಚಿಸುತ್ತಿದ್ದ. ಒಂದು ಸಾರಿ ಕಚ್ಚಿಸಿದರೆ ಕೆಲಸ ಮುಗಿಯುವ ತನಕ ಆ ಹಿಡಿ ಎತ್ತುತ್ತಿರಲಿಲ್ಲ. ಉಳಿಯನ್ನು ವಾಪಸ್ ತರಬೇಕಾದರೆ ಮೋಟರನ್ನೇ ಹಿಮ್ಮುಖ ತಿರುಗಿಸಿ ತರೋನು.

“ಇವೆರಡಕ್ಕೂ ಗಂಟು ಹಾಕಿದೀನಿ ಕಣಮ್ಮ. ನಡುವೆ ಬಿಚ್ಚಿದ್ರೆ ಅದೇ ಲಗ್ನ ಮತ್ತೆ ಸಿಗಲ್ಲ” ಅಂದಿದ್ದ ಒಂದು ದಿನ. ನನಗೆ ಅರ್ಥವಾಗಿತ್ತು. ಭಾವನಿಗೆ ಆಗಲಿಲ್ಲ ಅಂದರೆ ನಾನು ನಂಬಲ್ಲ.

ಸಿಂಗಟಗೆರೆ ಕೆರೆಯ ತೂಬಿನ ಗೇಟು ಎತ್ತುವ ಸ್ಕ್ರೂ ಸವೆದು ಹೋಗಿ, ಹೊಸದು ಕೊರೆಯಲು ನಮ್ಮಲ್ಲಿಗೆ ಬಂದಿತ್ತು. ತೋಳು ದಪ್ಪದ ಸರಳು, ಚೌಕದ ಹಲ್ಲು. ನಮ್ಮಲ್ಲಿ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಯಂತ್ರಗಳೆಲ್ಲ ನಿಲ್ಲಬೇಕು. ಒರೆಸಿ, ವಿಭೂತಿ ಇಟ್ಟು, ಹೂ ಮುಡಿಸಿ, ಭಾವ ಊದುಬತ್ತಿ ಬೆಳಗೋರು. ಲೇತಣ್ಣ ಅದಕ್ಕೆ ಸರಿಯಾಗಿ ಶುಕ್ರವಾರ ಸಂಜೆಗೆ ಹಲ್ಲಿನ ಕೆಲಸ ಅರ್ಧ ಉಳಿಯದ ಹಾಗೆ ನೋಡಿಕೊಳ್ಳುತ್ತಿದ್ದ. ಅವತ್ತು ಮಧ್ಯಾಹ್ನವೆಲ್ಲ ಕರೆಂಟ್ ಇರಲಿಲ್ಲ. ಸಂಜೆಗೆ ಸ್ಕ್ರೂ ಅರ್ಧಕ್ಕೇ ನಿಂತಿತು.

“ಯಜಮಾನ್ರೇ, ಮೋಟರಿಗೆ ಮಾಡಿ, ಬಾಗಿಲಿಗೆ ಮಾಡಿ. ಲೇತ್ ಮಾತ್ರ ಇವತ್ತು ಮುಟ್ಬೇಡಿ. ದೇವ್ರಿಗೆ ಬೇಕಾದ್ರೆ ನಾನೇ ಹೇಳ್ಕೋತೀನಿ” ಅಂದು ಮೋಟರ್ ಆರಿಸಿ ಟೀ ಕುಡಿಯಲು ಹೋದ.

ಭಾವನಿಗೆ ಅದೇ ಚುಚ್ಚಿತು. “ನನ್ನ ಮಿಷನ್ನಿಗೆ ಪೂಜೆ ಮಾಡಕ್ಕೆ ಇವನ ಅಪ್ಪಣೆ ಬೇಕೇನು?” ಅಂತ ಹಿಡಿ ಎತ್ತಿದರು. ಉಳಿ ಕೂರಿಸಿದ ಪೀಠವನ್ನು ಆ ತುದಿಗೆ ತಳ್ಳಿ, ಕೊರೆದು ಬಿದ್ದಿದ್ದ ಕಬ್ಬಿಣದ ಸುರುಳಿ ಒರೆಸಿದರು.

“ಬ್ಯಾಡ ಭಾವ, ಲೇತಣ್ಣ ಮುಟ್ಬ್ಯಾಡಿ ಅಂದಿದ್ನಲ್ಲ” ಅಂದೆ.

“ನೀನು ತಟ್ಟೆ ಹಿಡ್ಕೋ.”

ಮೂರು ಗೆರೆ ವಿಭೂತಿ ಎಳೆದು, ಪೀಠವನ್ನು ಕಣ್ಣಳತೆಯಲ್ಲಿ ಹಿಂದಿನ ಜಾಗಕ್ಕೇ ತಂದು ಹಿಡಿ ಅದುಮಿದರು. ನೋಡಿದವರಿಗೆ ಇದ್ದ ಹಾಗೇ ಇತ್ತು. ನಾನು ತಟ್ಟೆಯನ್ನು ದೇವರ ಮನೆಗೆ ಇಟ್ಟು ಬರುವಷ್ಟರಲ್ಲಿ ಲೇತಣ್ಣ ಬಂದು, ಹಿಡಿ ಕಚ್ಚಿಕೊಂಡೇ ಇದ್ದದ್ದು ನೋಡಿ ಶುರು ಮಾಡಿಬಿಟ್ಟಿದ್ದ. ಸದ್ದೇ ಬೇರೆ ಬಂತು. ಹಳೇ ತೋಡಿನಲ್ಲೇ ಹೋಗಬೇಕಾದ ಉಳಿ, ಕೊರೆದಿದ್ದ ಹಲ್ಲಿನ ಅರ್ಧ ತಿಂದು ಹೋಗಿತ್ತು.

“ಯಾವ ಬೋ... ಮಗ ಇದನ್ನ ಸರಿಸಿದ್ದು?”

“ಯಾರೂ ಮುಟ್ಟಿಲ್ಲ” ಅಂದರು ಭಾವ. ವಿಭೂತಿ ಇನ್ನೂ ಪೀಠದ ಮೇಲೆ ಹಸಿಯಾಗೇ ಇತ್ತು.

“ನೀವೇ ಅಲ್ವಾ ಭಾವ ಎತ್ತಿದ್ದು?” ಅಂದೆ ಬಾಗಿಲಿಂದ. “ಒಳಗೆ ಹೋಗು” ಅಂದರು.

ಹೊಸ ಸರಳು ತನ್ನಿ, ಮೊದಲಿಂದ ಕೊರೀತೀನಿ ಅಂದ ಲೇತಣ್ಣ. ಈ ಹಲ್ಲು ಭಾರ ತಡೆಯಲ್ಲ, ನನ್ನ ಕೈಯಿಂದ ಇದು ಹೊರಗೆ ಹೋಗಲ್ಲ ಅಂತ ಹಟ ಹಿಡಿದ. ಭಾವ ಕೇಳಲಿಲ್ಲ. ಉಳಿದದ್ದನ್ನು ಇನ್ಯಾರ ಕೈಲೋ ಕೊರೆಸಿ, ಅರ ಹಾಕಿ ಉಜ್ಜಿಸಿ, ಮೇಲೆ ಗ್ರೀಸು ಮೆತ್ತಿ ಕಳಿಸಿಬಿಟ್ಟರು. ಗ್ರೀಸು ಮೆತ್ತಿದ ಮೇಲೆ ಯಾರಿಗೆ ಏನು ಕಾಣುತ್ತೆ?

ನೀರು ಬಿಡಲು ಗೇಟು ಎತ್ತುವಾಗ ಹಲ್ಲು ಕಿತ್ತು ಬಂತು. ಸ್ಕ್ರೂ, ಅದನ್ನು ತಿರುವುವ ಹಿಡಿ ಸಮೇತ ಕೆಳಕ್ಕೆ ಕುಸಿಯಿತು. ಹಿಡಿಗೂ ಕಲ್ಲಿಗೂ ನಡುವೆ ನೀರುಗಂಟಿಯ ಬಲಗೈ.

ಸಿಂಗಟಗೆರೆಯವರು ಟ್ರಾಕ್ಟರಿನಲ್ಲಿ ನಮ್ಮ ಮನೆಗೆ ಬಂದರು. ಭಾವ ಮಠದ ಕೆಲಸಗಳಿಗೆಲ್ಲ ಮುಂದೆ ನಿಲ್ಲುವವರು, ಅವರ ಮಾತೆಂದರೆ ಮಾತು. “ಕುಡಿದು ಕೊರೆದವ್ನೆ ಕಣ್ರಪ್ಪ, ನನಗೇನು ಗೊತ್ತು” ಅಂದುಬಿಟ್ಟರು. ಲೇತಣ್ಣ, “ಯಜಮಾನ್ರೇ ಸರಿಸಿದ್ದು, ಮನೆ ಹೆಣ್ಮಗಳನ್ನ ಕೇಳ್ರಿ” ಅಂತ ಕೂಗಿದ. ನಾನು ಹೊರಗೆ ಹೋಗಲು ಎದ್ದೆ. ನನ್ನ ಗಂಡ, ಅಣ್ಣನ ಮರ್ಯಾದೆ ಉಳಿಸುವ ಗಂಡಸು, ನಡುಮನೆ ಬಾಗಿಲು ಹಾಕಿ ಹೊರಗಿನಿಂದ ಚಿಲಕ ಹಾಕಿದ. ಬಾಗಿಲು ಗುದ್ದಿದೆ. ಅಂಗಳದಲ್ಲಿ ಹೊಡೆತ ಬೀಳುವ ಸದ್ದು ಕೇಳಿಸುತ್ತಿತ್ತು... ಚಪ್ಪಲಿಯದು ಬೇರೆ, ಕೈಯದು ಬೇರೆ. ಚಿಲಕ ತೆಗೆಯುವ ಹೊತ್ತಿಗೆ ಅವನು ಬಸ್ ಹತ್ತಿ ಹೋಗಿದ್ದ. ಅವನ ಸ್ವಂತ ಉಳಿಗಳ ಪೆಟ್ಟಿಗೆಯನ್ನೂ ಭಾವ ಕೊಡಲಿಲ್ಲ.

ಆಮೇಲೆ ಕಡೂರಲ್ಲಾಗಲಿ ತರೀಕೆರೆಯಲ್ಲಾಗಲಿ ಯಾರೂ ಅವನನ್ನು ಲೇತಿನ ಹತ್ತಿರ ಸೇರಿಸಲಿಲ್ಲ. ಅಜ್ಜಂಪುರದಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಂಡಿದ್ದ ಅಂತ ಕೇಳಿದೆ. ಅಲ್ಲೇ ಸತ್ತ ಅಂತಲೂ ಕೇಳಿದೆ. ಭಾವನ ಫೋಟೋಕ್ಕೆ ಈಗಲೂ ದಿನಾ ಹೂವಿನ ಹಾರ ಬೀಳುತ್ತದೆ. ಇವನ ಫೋಟೋ ಯಾರ ಹತ್ತಿರವೂ ಇಲ್ಲ, ಮುಖವೂ ನನಗೆ ಪೂರ್ತಿ ನೆನಪಿಲ್ಲ... ಮೊಮ್ಮಗಳ ಮಿಷನ್ನು ನೋಡಿದ್ದರೆ ಅದಕ್ಕೂ ಏನಾದರೊಂದು ಕೊಂಕು ತೆಗೀತಿದ್ದ. ಅಷ್ಟಂತೂ ಗೊತ್ತು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. “ಮತ್ತೆ ನೀನು ಸುಮ್ನಿದ್ಬಿಟ್ಯಾ ಅಜ್ಜಿ?” ಅಂದಳು.

ಯಾಕೆ ಸುಮ್ಮನಿರಲಿ? ಕಡೂರಿನವರು ನಂಬಲಿಲ್ಲ, ಅದು ಬೇರೆ ಮಾತು. ಅವನನ್ನು ಹೊಡೆದು ಓಡಿಸಿದ ಮಾರನೇ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಯಾರನ್ನೂ ಕೇಳದೆ ಸಿಂಗಟಗೆರೆಯ ಮೊದಲನೇ ಬಸ್ಸು ಹತ್ತಿದೆ. ನೀರುಗಂಟಿ ಆಸ್ಪತ್ರೆಯಲ್ಲಿದ್ದ, ಮನೆಯಲ್ಲಿ ಅವನ ಹೆಂಡತಿ ಒಬ್ಬಳೇ. ಕೂರು ಅನ್ನಲಿಲ್ಲ. ನಿಂತುಕೊಂಡೇ ಹೇಳಿದೆ. ಲೇತಿನವನು ಮುಟ್ಟಬೇಡಿ ಅಂದಿದ್ದು, ಭಾವ ಸರಿಸಿದ್ದು, ಕೆಟ್ಟದ್ದು ಗೊತ್ತಿದ್ದೂ ಕಳಿಸಿದ್ದು. ಆಕೆ ಪೂರ್ತಿ ಕೇಳಿದಳು.

“ನನ್ನೊಬ್ಬಳಿಗೆ ಹೇಳಿ ಏನಾಗ್ಬೇಕವ್ವ? ಹೊರಗೆ ಬಂದು ಹೇಳು” ಅಂದಳು.

ಬೀದಿಗೆ ಬಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಊರಿಗೆಲ್ಲ ಕೇಳುವ ಹಾಗೆ ಮೊದಲಿಂದ ಶುರು ಮಾಡಿದೆ.