ಅಚಿಯಾಳ ಕಪ್ಪು ಪರದೆಯ ವಾರ

ಕುಮಾಸಿ ನಗರದ ಬಂಟಾಮಾ ಪೇಟೆಯಲ್ಲಿ ಯಾರಾದರೂ ತೀರಿಕೊಂಡರೆ, ಶವಪೆಟ್ಟಿಗೆಯವನಿಗೆ ಹೇಳಿಕಳಿಸಿದ ಮೇಲೆ ಜನ ಬಂದು ತಟ್ಟುತ್ತಿದ್ದದ್ದು ಅಚಿಯಾಳ ಬಾಗಿಲನ್ನು. ಸತ್ತವರ ಬದುಕನ್ನು ಇಪ್ಪತ್ತು ನಿಮಿಷದ ಚಿತ್ರ ಮಾಡಿಕೊಡುವುದು ಅವಳ ಕಸುಬು. ಶನಿವಾರದ ಅಂತ್ಯಕ್ರಿಯೆಯಲ್ಲಿ ಶಾಮಿಯಾನದ ಕೆಳಗೆ ಅದು ಓಡುವಾಗ, ಶೋಕದ ಕೆಂಪು ಕಪ್ಪು ಬಟ್ಟೆ ಉಟ್ಟು ಕೂತವರೆಲ್ಲ ಕಣ್ಣೊರೆಸಿಕೊಳ್ಳಬೇಕು. ಇಲ್ಲದಿದ್ದರೆ ಅವಳಿಗೆ ಅಂದಿನ ಊಟ ಸೇರುತ್ತಿರಲಿಲ್ಲ.

ಮೊದಲು ಅವಳು ಬಟ್ಟೆ ಹೊಲಿಯುತ್ತಿದ್ದಳು. ತಾಯಿ ಸತ್ತಾಗ ವಿಡಿಯೋದವನು ತಾಯಿಯ ಮುಖಕ್ಕಿಂತ ಊಟದ ಸಾಲನ್ನೇ ಹೆಚ್ಚು ತೋರಿಸಿದ್ದ. ಆ ಸಿಟ್ಟಿನಲ್ಲಿ ಕ್ಯಾಮೆರಾ ಹಿಡಿದವಳು ಹದಿನೆಂಟು ವರ್ಷ ಅದನ್ನು ಕೆಳಗಿಟ್ಟಿರಲಿಲ್ಲ.

ಆ ವಾರ ಬಂದದ್ದು ಯಾ ಕೊನಾಡು ಎಂಬ ಸೂಲಗಿತ್ತಿಯ ಚಿತ್ರ. ಅರ್ಧ ಪೇಟೆಯನ್ನು ಭೂಮಿಗೆ ತಂದ ಮುದುಕಿ. ಅಚಿಯಾ ಹುಟ್ಟಿದ್ದೂ ಅವಳ ಕೈಯಲ್ಲೇ. ಈ ಚಿತ್ರ ಮಾತ್ರ ಒಂದು ಕೂದಲೆಳೆಯಷ್ಟೂ ಕೆಡಬಾರದೆಂದು ಅಚಿಯಾ ಹಟ ತೊಟ್ಟಿದ್ದಳು.

ಸೋಮವಾರ ಬೆಳಗ್ಗೆ ಕಂಪ್ಯೂಟರ್ ಹಚ್ಚಿ ಕಾಲು ಗಂಟೆಯಾಗಿರಲಿಲ್ಲ, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಮತ್ತೆ ಕಪ್ಪು. ಹಿಂದಿನ ಶುಕ್ರವಾರವಷ್ಟೇ ರಿಪೇರಿಯ ನುಹು ಬಂದು, ಚಿತ್ರದ ಕೆಲಸಕ್ಕೆಂದೇ ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಹೋಗಿದ್ದ. ಅವನನ್ನೇ ಕರೆಸಿದಳು.

"ಡ್ರೈವರ್ ಸಾಫ್ಟ್‌ವೇರ್ ಹಳೇದು ಅಕ್ಕಾ. ಕಾರ್ಡಿನ ಮಾತು ಮಿಷನ್‌ಗೆ ತಲುಪಿಸೋದು ಅದೇ ತಾನೆ? ಅಪ್‌ಡೇಟ್ ಮಾಡಿದ್ರೆ ಆಯ್ತು," ಎಂದು ನುಹು ಹೊಸದನ್ನು ಹಾಕಿದ. ದಿನವಿಡೀ ಯಂತ್ರ ಸೊಗಸಾಗಿ ನಡೆಯಿತು. ಮಂಗಳವಾರ ಬೆಳಗ್ಗೆ ಹಚ್ಚಿದರೆ ಅದೇ ಕಪ್ಪು.

"ಈ ಅಪ್‌ಡೇಟೇ ಸರಿ ಇಲ್ಲ. ಹಿಂದಿನದಕ್ಕೆ ಹೋಗೋಣ," ಎಂದ ನುಹು.

"ಹಿಂದಿನದು ಕೆಟ್ಟಿದೆ ಅಂತ ನಿನ್ನೆ ನೀನೇ ಅಂದ್ಯಲ್ಲೋ?"

"ಅದಕ್ಕೂ ಹಿಂದಿನದು, ಅಕ್ಕಾ."

ಅದೂ ಒಂದು ದಿನ ನಡೆದು ಬುಧವಾರ ಬೆಳಗ್ಗೆ ಮಲಗಿತು. ನುಹು ಈ ಸಲ ಬಿಸಿಯ ಮೇಲೆ ತಪ್ಪು ಹೊರಿಸಿ, ಪೆಟ್ಟಿಗೆಯ ಪಕ್ಕ ಬಿಚ್ಚಿ ಫ್ಯಾನ್ ಇಟ್ಟ. ಗಾಳಿ ಬಂತು, ಧೂಳು ಬಂತು, ಚಿತ್ರ ಬರಲಿಲ್ಲ. ನಾಲ್ಕೈದು ಸಲ ಹಚ್ಚಿ ಆರಿಸಿ, ನಡುವಿನ ಒಂದು ತುಂಡನ್ನಷ್ಟೇ ಅಚಿಯಾ ಹೇಗೋ ಬೇರೆ ಫೈಲಾಗಿ ಹೊರತೆಗೆದಳು. ಮುಂದಿನ ಸಲ ಪರದೆ ಕಪ್ಪಾದಾಗ ಜೋಡಿಸಿದ ಫೈಲೇ ಹಾಳಾಗಿ, ಮೂರು ದಿನದ ದುಡಿಮೆ ನೀರುಪಾಲಾಯಿತು. ಮೇಜಿಗೆ ಗುದ್ದಿದಳು. ಕೈ ನೊಂದದ್ದಷ್ಟೇ ಬಂತು.

ಸತ್ತವಳ ಹಿರಿಮಗಳು ಪೊಕುವಾ ದಿನಾ ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದಳು. "ನಮ್ಮಮ್ಮ ಅಲ್ಲಿ ಶವಾಗಾರದ ಐಸಿನ ಮೇಲೆ ಮಲಗಿದಾಳೆ, ನಿನ್ನ ಮಿಷನ್ ಇಲ್ಲಿ ಮಲಗಿದೆ. ಇಬ್ಬರಲ್ಲಿ ಯಾರು ಮೊದಲು ಏಳ್ತಾರೋ ನೋಡೋಣಮ್ಮ," ಎಂದಳು.

ಗುರುವಾರ ನುಹು ಮೂರನೆಯ ಡ್ರೈವರ್ ಹಾಕಿ ಅಲ್ಲೇ ಕೂತ. ಮಧ್ಯಾಹ್ನದವರೆಗೆ ಚೆನ್ನಾಗಿ ನಡೆಯಿತು. ಆಮೇಲೆ ಕರೆಂಟು ಹೋಗಿ ಬಂತು. ಮತ್ತೆ ಹಚ್ಚಿದ ಹತ್ತೇ ನಿಮಿಷಕ್ಕೆ ಪರದೆ ಕಪ್ಪಾಯಿತು.

ಅಚಿಯಾ ಈ ಸಲ ಕೂಗಾಡಲಿಲ್ಲ. ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು.

"ನುಹು, ಯಾವ ಡ್ರೈವರ್ ಹಾಕಿದ್ರೂ ಹಾಕಿದಾಗ ನಡೆಯುತ್ತೆ. ಆರಿಸಿ ಹಚ್ಚಿದ್ರೆ ಕೆಡುತ್ತೆ. ಮಿಷನ್ ಏಳೋವಾಗ ಅದರ ಜೊತೆ ಏಳೋ ಹಾಗೆ ಇನ್ನೇನು ಇಟ್ಟಿದೀಯ?"

ನುಹು ಕತ್ತು ತುರಿಸಿಕೊಂಡ. "ಸ್ವಲ್ಪ ಓವರ್‌ಕ್ಲಾಕ್ ಮಾಡಿದ್ದೆ ಅಕ್ಕಾ. ಕಂಪನಿ ಇಟ್ಟ ವೇಗಕ್ಕಿಂತ ಒಂಚೂರು ಏರಿಸಿದ್ದೆ. ನಿಮ್ಮ ಕೆಲಸ ಬೇಗ ಆಗ್ಲಿ ಅಂತ."

"ನಾನು ಕೇಳಿದ್ನಾ?"

"ಇಲ್ಲ. ಇಲ್ಲಿ ಕೂರಿಸೋ ಮುಂಚೆ ನಮ್ಮ ಮನೇಲಿ ಗೇಮ್ ಹಾಕಿ ಹತ್ತು ನಿಮಿಷ ಓಡಿಸಿ ನೋಡಿದ್ದೆ, ಏನೂ ಆಗಿರ್ಲಿಲ್ಲ."

"ಹತ್ತು ನಿಮಿಷ! ನನ್ನ ಮಿಷನ್ ಆರು ಗಂಟೆ ಉಸಿರು ಬಿಡದೆ ದುಡಿಯುತ್ತಲ್ಲೋ! ಬೀದಿ ಕೊನೇವರೆಗೆ ಓಡಿದವನು ರಾಜಧಾನಿ ಅಕ್ರಾವರೆಗೂ ಓಡ್ತಾನೆ ಅಂದ್ಕೊಂಡ್ಯಾ?"

ಅವನು ಇಟ್ಟಿದ್ದ ಪುಟ್ಟ ಪ್ರೋಗ್ರಾಂ ಯಂತ್ರ ಹಚ್ಚಿದಾಗಲೆಲ್ಲ ಕಾರ್ಡಿನ ವೇಗ ಏರಿಸುತ್ತಿತ್ತು. ಡ್ರೈವರ್ ಬದಲಿಸಿದಾಗ ಆ ಏರಿಕೆ ಅಳಿಸಿಹೋಗುತ್ತಿತ್ತು, ಮತ್ತೆ ಹಚ್ಚುವವರೆಗೆ ಎಲ್ಲ ಸುಗಮ. ವಾರವಿಡೀ ಬೈಗುಳ ತಿಂದದ್ದು ಪಾಪದ ಡ್ರೈವರು.

"ಮಂಗಳವಾರವೇ ಅನುಮಾನ ಬಂದಿತ್ತು," ಎಂದ ನುಹು ನೆಲ ನೋಡುತ್ತ. "ಹೇಳಿದ್ರೆ ಬೈತೀರಿ ಅಂತ..."

ಅಚಿಯಾಳನ್ನು ಕಾರ್ಡಿಗಿಂತ ಆ ಮಾತೇ ಹೆಚ್ಚು ಉರಿಸಿತು. ಆ ಪ್ರೋಗ್ರಾಂ ಅನ್ನು ತನ್ನೆದುರೇ ತೆಗೆಸಿದಳು. ಮೂರು ಸಲ ಆರಿಸಿ ಹಚ್ಚಿಸಿದಳು. ಆಮೇಲೆ ಅವನಿಗೆ ಬಾಗಿಲು ತೋರಿಸಿದಳು. ಶುಕ್ರವಾರವೆಲ್ಲ ಕೂತು ಚಿತ್ರವನ್ನು ಮೊದಲಿಂದ ಜೋಡಿಸಿದಳು. ಯಂತ್ರ ಒಮ್ಮೆಯೂ ಕೈಕೊಡಲಿಲ್ಲ. ಹೊತ್ತು ಸಾಲದೆ, ಬುಧವಾರ ತೆಗೆದಿಟ್ಟ ತುಂಡನ್ನು ನೋಡದೆಯೇ ನಡುವೆ ಸೇರಿಸಿದಳು.

ಶನಿವಾರ ಮುದುಕಿಯ ಮುಖ ಪರದೆ ತುಂಬ ಬಂದ ಕ್ಷಣಕ್ಕೆ ಸರಿಯಾಗಿ, ಅದರ ಮೇಲೆ ಹಸಿರು ನೇರಳೆ ಚೌಕಗಳು ಮಿಂಚಿ ಕುಣಿದವು, ಪೂರ್ತಿ ಏಳು ಸೆಕೆಂಡು. ಬುಧವಾರದ ಆ ತುಂಡಿನಲ್ಲಿ ಏರಿಸಿದ ವೇಗ ಬಿಟ್ಟುಹೋದ ಗಾಯ ಅದು. ಅಚಿಯಾಳಿಗೆ ನಿಂತಲ್ಲೇ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಜನ ಮಾತ್ರ ಗಳಗಳನೆ ಅತ್ತರು. ಪೊಕುವಾ ಬಂದು ಕೈ ಹಿಡಿದು, "ನಮ್ಮಮ್ಮ ಆ ಬಣ್ಣದ ಬೆಳಕಲ್ಲಿ ಹೋದಳು. ಎಂಥಾ ಕೈಯಮ್ಮ ನಿಂದು!" ಎಂದಳು.

ಸೋಮವಾರ ಇನ್ನೊಂದು ಮನೆಯವರು ಬಂದರು. ಮಾವನ ಚಿತ್ರವಂತೆ. "ಮಿಕ್ಕಿದ್ದು ಹೇಗಾದ್ರೂ ಇರ್ಲಿ ಆಂಟಿ, ಆ ಬಣ್ಣದ ಚೌಕ ಮಾತ್ರ ಬೇಕೇ ಬೇಕು," ಎಂದರು.

"ಅದು ಬರಲ್ಲ," ಎಂದಳು ಅಚಿಯಾ, ಅವರು ತಂದಿದ್ದ ಫೋಟೋಗಳಿಗೆ ಕೈ ಚಾಚುತ್ತ. "ಸತ್ತರೂ ಬರಲ್ಲ."