ಅಣ್ಣನನ್ನು ಪಂಢರಪುರಕ್ಕೆ ಒಯ್ದ ಗಾಡಿ

ನನ್ನ ದೊಡ್ಡಪ್ಪನ ಮಗ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ನಡಿಗೆ ನೋಡಿದರೆ ಮಾತ್ರ ರಾಯಬಾಗ ಸ್ಟೇಷನ್ನನ್ನು ಅವನ ಅಜ್ಜನೇ ಕಟ್ಟಿಸಿಕೊಟ್ಟಂತೆ. ಅಜ್ಜ ಇಬ್ಬರಿಗೂ ಒಬ್ಬನೇ ಆದ್ದರಿಂದ ಅದು ಸುಳ್ಳೆಂದು ನನಗೆ ಗೊತ್ತು.

ಅವನಿಗೆ ಮೀರಜದ ಔಷಧಿ ಅಂಗಡಿಯಲ್ಲಿ ಕೆಲಸ, ನನಗೆ ಅಲ್ಲೇ ಡಿಪ್ಲೊಮಾ. ಬೆಳಿಗ್ಗೆ ಪ್ಯಾಸೆಂಜರ್ ಹತ್ತಿ ಹೋಗುವುದು, ಸಂಜೆ ಪ್ಯಾಸೆಂಜರ್ ಹತ್ತಿ ಬರುವುದು. ಡಬ್ಬಿಯಲ್ಲಿ ದಿನಾ ಅವೇ ಮುಖಗಳು. ಆ ಮುಖಗಳ ಮುಂದೆ ಒಂದು ದಿನ ಅವನು ನನ್ನ ಮಾನ ಹರಾಜು ಹಾಕಿದ. ನಾನು ಚಿಕ್ಕವನಿದ್ದಾಗ ಗಾಡಿಯಲ್ಲಿ ನಿದ್ದೆ ಹೋಗಿ, ರಾಯಬಾಗ ದಾಟಿ ಘಟಪ್ರಭಾದಲ್ಲಿ ಇಳಿದು, ಸ್ಟೇಷನ್ ಮಾಸ್ತರರ ಕಾಲು ಅಪ್ಪಿಕೊಂಡು ಅತ್ತಿದ್ದೆನಂತೆ. ಶುದ್ಧ ಸುಳ್ಳು. ಅದು ಚಹಾ ಮಾರುವವನ ಕಾಲು. ಅಪ್ಪಿಕೊಂಡಿರಲೂ ಇಲ್ಲ, ಸುಮ್ಮನೆ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮರುದಿನದಿಂದ ಇಡೀ ಡಬ್ಬಿಗೆ ನಾನು 'ಘಟಪ್ರಭಾ'. ಶೇಂಗಾ ಮಾರುವವನೂ 'ಘಟಪ್ರಭಾ, ಆಕಡೆ ಸರಿ' ಅನ್ನುತ್ತಿದ್ದ. ಇದೆಲ್ಲ ಸಹಿಸಿದೆ. ಆದರೆ ಉಗಾರದಲ್ಲಿ ಹತ್ತುವ ಒಬ್ಬ ಹುಡುಗಿ, ಅವಳ ಮುಂದೆ ನಾನು ತಿಂಗಳುಗಟ್ಟಲೆ ಕೂದಲು ಬಾಚಿದ್ದೇ ಬಾಚಿದ್ದು, ಒಮ್ಮೆ ತಾನಾಗಿ ಮಾತಾಡಿಸಿದಳು. "ದಿನಾ ಘಟಪ್ರಭಾದಿಂದ ಬರ್ತೀರಿ? ಭಾಳ ದೂರ ಆಗ್ತೈತಲ್ರಿ," ಅಂದಳು. ಕುಹಕವಿಲ್ಲ, ಪಾಪ, ನಿಜವಾದ ಕಾಳಜಿ. ಅದೇ ಎದೆಗೆ ಚುಚ್ಚಿತು. ಅವತ್ತೇ ನಿರ್ಧರಿಸಿದೆ: ಅಣ್ಣನೂ ಒಂದು ದಿನ ತನ್ನ ಸ್ಟೇಷನ್ ತಪ್ಪಿಸಿಕೊಳ್ಳಬೇಕು, ಇದೇ ಡಬ್ಬಿ ಅವನನ್ನು ನೋಡಿ ನಗಬೇಕು, ಆ ಹೆಸರು ನನ್ನ ತಲೆಯಿಂದ ಅವನ ತಲೆಗೆ ಹೋಗಬೇಕು.

ಸಂಜೆ ಅವನದೊಂದು ಕ್ರಮವಿತ್ತು. ನಾನು ಮೊದಲೇ ಓಡಿಹೋಗಿ ಸಾಮಾನಿಡುವ ಮೇಲಿನ ಹಲಗೆಯ ಮೇಲೆ ಟವೆಲ್ ಹಾಸಿ ಜಾಗ ಹಿಡಿಯಬೇಕು. ಅವನು ಬಂದು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಅದೇ ಟವೆಲ್ಲನ್ನು ಮುಖಕ್ಕೆಳೆದು ಮಲಗುತ್ತಿದ್ದ. ಗಾಡಿ ಬಿಡುವ ಮೊದಲೇ ಗೊರಕೆ. ರಾಯಬಾಗ ಬಂದಾಗ ಎಬ್ಬಿಸುವುದು ನನ್ನ ಕೆಲಸ. ಅಂದರೆ ಅವನ ಸ್ಟೇಷನ್ ಪ್ರತಿ ಸಂಜೆ ನನ್ನ ಕೈಯಲ್ಲೇ ಇತ್ತು. ಆದರೆ ನಾನೂ ಅದೇ ಗಾಡಿಯಲ್ಲಿ ಇರುತ್ತಿದ್ದೆನಲ್ಲ. ಎಬ್ಬಿಸದಿದ್ದರೆ ಮನೆಯಲ್ಲಿ ಚರ್ಮ ಸುಲಿಯುತ್ತಿದ್ದರು.

ಕೊನೆಗೆ ನನ್ನ ಸೇಡಿಗೆ ರೈಲ್ವೆಯೇ ಒದಗಿಬಂತು. ಒಂದು ಸಂಜೆ ಅವನು ಹಲಗೆ ಹತ್ತಿ, ವಡಾಪಾವ್ ತಗೊಂಡು ಬಾ, ನಿನಗೂ ಒಂದು ತಗೋ ಎಂದು ನನ್ನನ್ನು ಕಳಿಸಿ ಕಣ್ಣು ಮುಚ್ಚಿದ. ನಾನು ವಡಾಪಾವ್ ಮಾರುವ ತಳ್ಳುಗಾಡಿಯ ಹತ್ತಿರ ನಿಂತಿದ್ದಾಗ ಮರಾಠಿಯಲ್ಲಿ ಘೋಷಣೆಯಾಯಿತು: ಶೇಡಬಾಳದ ಆಚೆ ಹಳಿ ಕೆಲಸ, ಈ ಗಾಡಿ ಕುಡಚಿ, ರಾಯಬಾಗಕ್ಕೆ ಹೋಗುವುದಿಲ್ಲ, ಪಂಢರಪುರ, ಸೋಲಾಪುರ ಸುತ್ತಿ ಹೋಗುತ್ತದೆ. ನಮ್ಮ ಡಬ್ಬಿಯವರೆಲ್ಲ ರೈಲ್ವೆಗೆ ಶಾಪ ಹಾಕುತ್ತ ಇಳಿದು ಬಸ್ ಸ್ಟ್ಯಾಂಡಿನತ್ತ ಹೊರಟರು. ಮೇಲೆ ಟವೆಲ್ಲಿನಡಿ ಇರುವುದು ಮನುಷ್ಯನೋ ಗಂಟೋ ಯಾರೂ ನೋಡಲಿಲ್ಲ.

ನಾನು ಕಿಟಕಿಯ ಹತ್ತಿರ ಹೋದೆ. ಎಬ್ಬಿಸಲು ಅಲ್ಲ, ದರ್ಶನಕ್ಕೆ. ಕೊರಳಲ್ಲಿ ತುಳಸಿ ಮಾಲೆ, ಕೈಯಲ್ಲಿ ತಾಳ ಹಿಡಿದು ವಿಠ್ಠಲನ ಯಾತ್ರೆಗೆ ಹೊರಟ ವಾರಕರಿಗಳ ದಿಂಡೊಂದು ಒಳಗೆ ಹತ್ತುತ್ತಿತ್ತು. ಮುದುಕರೊಬ್ಬರು ಮೇಲೆ ಯಾರು ಮಲಗಿದ್ದಾರೆ, ಎಲ್ಲಿ ಇಳಿಯುತ್ತಾರೆ ಎಂದು ಕೇಳಿದರು. ನನ್ನ ಶಾಲೆಯ ಮರಾಠಿ ಜನ್ಮದಲ್ಲಿ ಒಮ್ಮೆ ಉಪಯೋಗಕ್ಕೆ ಬಂತು. ಅವರೂ ನಿಮ್ಮಂತೆ ಮಾವುಲಿಯೇ, ವಿಠ್ಠಲನ ಭಕ್ತರೇ, ಅವನಿಗೆ ಹರಕೆ ಹೊತ್ತು ಪಂಢರಪುರಕ್ಕೇ ಹೊರಟವರು, ದಯವಿಟ್ಟು ಎಬ್ಬಿಸಬೇಡಿ ಅಂದೆ. ಮುದುಕರು ಕೈಮುಗಿದು, ತಮ್ಮ ಕಂಬಳಿ ತೆಗೆದು ಅವನಿಗೆ ಹೊದಿಸಿದರು. ಗಾಡಿ ಹೊರಟಿತು. ನಾನು ಎರಡೂ ವಡಾಪಾವ್ ತಿಂದೆ. ಅಷ್ಟು ರುಚಿಯ ವಡಾಪಾವ್ ಮೀರಜದಲ್ಲಿ ಹಿಂದೆ ಯಾರೂ ಕರಿದಿಲ್ಲ.

ನನ್ನ ಬಸ್ಸು ಕಾಗವಾಡದಲ್ಲಿ ನಿಂತಿದ್ದಾಗ ಫೋನು ಬಂತು.

"ಲೇ, ಎಲ್ಲಿ ಅದೀಯೋ? ಹೊರಗ ಬರೇ ದ್ರಾಕ್ಷಿ ತ್ವಾಟ ಕಾಣಾಕತ್ತಾವು. ಕೃಷ್ಣಾ ಹೊಳಿ ಎಲ್ಲಿ ಹೋತು?"

"ಹೊಳಿ ಅಲ್ಲೇ ಐತಿ ಅಣ್ಣಾ," ಅಂದೆ. "ನೀನಾ ಇಲ್ಲ."

ಆಮೇಲೆ ಬಂದ ಬೈಗುಳದ ಹಿಂದೆ ತಾಳ, ಮೃದಂಗ, ಭಜನೆ ಎಲ್ಲ ಸೇರಿತ್ತು. ಅಷ್ಟು ಭಕ್ತಿಯಿಂದ ನನ್ನನ್ನು ಯಾರೂ ಬೈದಿಲ್ಲ.

ರಾತ್ರಿ ಮನೆಯಲ್ಲಿ, ನಾನು ವಡಾಪಾವ್ ತರುವಷ್ಟರಲ್ಲಿ ಗಾಡಿ ಅವನನ್ನು ಪಂಢರಪುರಕ್ಕೆ ಒಯ್ದಿತು ಎಂದು ಎಲ್ಲ ತಪ್ಪನ್ನೂ ರೈಲ್ವೆಯ ಮೇಲೆ ಹಾಕಿದೆ. ಮರುದಿನ ಬೆಳಿಗ್ಗೆ ಮೀರಜದ ಬಸ್ಸಿನಲ್ಲಿ ನಮ್ಮ ಡಬ್ಬಿಯವರಿಗೆಲ್ಲ ಸುದ್ದಿ ಹಂಚಿದೆ. ಹಂಚುತ್ತ ಹಂಚುತ್ತ ಸುದ್ದಿ ಬೆಳೆಯಿತು: ಅಣ್ಣ ಅತ್ತ, ಟಿಸಿಯ ಕಾಲು ಹಿಡಿದ, ಟಿಸಿಯೂ ಅತ್ತ. ಸಂಜೆ ಆ ವೀರ ಬಂದಿಳಿಯುವುದನ್ನು ನೋಡಲು ಏಳೆಂಟು ಜನ ನಮ್ಮ ಓಣಿಯ ಕಟ್ಟೆಗೇ ಬಂದು ಕೂತರು. ಅವನಿಗೆ 'ಪಂಢರಪುರ' ಎಂದು ಹೆಸರಿಡುವುದೂ ನಿಶ್ಚಯವಾಯಿತು. ನಾನು ಎಲ್ಲರಿಗೂ ಚಹಾ ಕುಡಿಸಿದೆ.

ಅವನು ಬಂದ. ಹಣೆಯ ಮೇಲೆ ವಿಠ್ಠಲನ ಗುಡಿಯ ಕಪ್ಪು ಬುಕ್ಕಾ ಪುಡಿ, ಕೊರಳಲ್ಲಿ ಹೂವಿನ ಹಾರ, ಕೈಯಲ್ಲಿ ಚುರಮುರಿ ಪ್ರಸಾದದ ಚೀಲ. ವಾರಕರಿಗಳು ಅವನನ್ನು ಬಿಟ್ಟಿರಲಿಲ್ಲ. ಹರಕೆಯವನೆಂದು ಚಂದ್ರಭಾಗಾ ಹೊಳೆಯಲ್ಲಿ ಮುಳುಗಿಸಿ, ದರ್ಶನ ಮಾಡಿಸಿ, ಹೊಟ್ಟೆ ತುಂಬ ಉಣಿಸಿ ಬಸ್ ಹತ್ತಿಸಿದ್ದರು.

ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ತಂಬಿಗೆ ನೀರಿನೊಂದಿಗೆ ಹೊರಬಂದಳು. ನಮ್ಮ ಕಡೆ ಪಂಢರಪುರದಿಂದ ಬಂದವರ ಕಾಲಿಗೆ ನೀರು ಹಾಕಿ ಬೀಳುತ್ತಾರೆ. ವಯಸ್ಸು ನೋಡುವುದಿಲ್ಲ. ಸೇಡಿನ ಸಂಭ್ರಮದಲ್ಲಿ ಇದೊಂದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ಬಿದ್ದಳು, ಅವ್ವ ಬಿದ್ದಳು. ನಗಲು ಬಂದ ಏಳೆಂಟು ಜನರೂ ಚಪ್ಪಲಿ ಬಿಟ್ಟು ಸಾಲಾಗಿ ಬಿದ್ದರು. ಬಿದ್ದವರು ಎದ್ದು ನನ್ನನ್ನು ನೋಡಿದರು. ನಾನೂ ಬಿದ್ದೆ.

ಅವನು ನನ್ನ ಬೆನ್ನು ಸವರಿ, ಎಲ್ಲರಿಗೂ ಕೇಳುವಂತೆ ಅಜ್ಜಿಗೆ ಅಂದ: "ಆಯಿ, ಇದೆಲ್ಲ ಇವನ ಪುಣ್ಯೇನಾ. ಇವನಾ ನನ್ನ ಕಳಿಸಿದ್ದು. ಅದಕ್ಕ ಇವನ ಸಲುವಾಗಿ ಒಂದು ಮಾಳಿ ತಂದೇನಿ. ನಿನ್ನ ಕೈಲೇನಾ ಹಾಕು."

ಕಿಸೆಯಿಂದ ತುಳಸಿ ಮಾಲೆ ತೆಗೆದ. ಪಂಢರಪುರದ ಮಾಲೆ ಕೊರಳಿಗೆ ಬಿದ್ದ ಮೇಲೆ ಮಾಂಸ, ಮೀನು, ತತ್ತಿ ಎಲ್ಲ ಬಂದ್. ತೆಗೆಯುವ ಹಾಗೂ ಇಲ್ಲ. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಕಟ್ಟೆ ಅಡ್ಡ ಬಂತು. ನಿನಗ್ಯಾಕ ತಂದಿಲ್ಲ ಎಂದು ಅಜ್ಜಿ ಅವನನ್ನು ಕೇಳಿದಳು. ಅಂಗಡಿಯಲ್ಲಿ ಪೆಟ್ಟಿಗೆ ಎತ್ತುವಾಗ ಹರಿದರೆ ಪಾಪ ಸುತ್ತಿಕೊಳ್ಳುತ್ತದೆ ಎಂದ, ಕಣ್ಣು ಒದ್ದೆ ಮಾಡಿಕೊಂಡು. ಅಜ್ಜಿ ನಂಬಿದಳು. ವಿಠ್ಠಲ, ವಿಠ್ಠಲ ಅನ್ನುತ್ತ ತನ್ನ ಕೈಯಾರೆ ನನ್ನ ಕೊರಳಿಗೆ ಮಾಲೆ ಹಾಕಿದಳು. ಆ ಕೈಯನ್ನು ತಳ್ಳುವ ಗಂಡಸು ರಾಯಬಾಗ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಭಾನುವಾರ ಮನೆಯಲ್ಲಿ ಮಟನ್. ನನ್ನನ್ನು ಬೇರೆ ಮಣೆಯ ಮೇಲೆ ಕೂರಿಸಿ ಬೇಳೆ ಸಾರು ಬಡಿಸಿದರು. ಅಣ್ಣ ಸರಿಯಾಗಿ ನನ್ನೆದುರಿಗೆ ಕೂತು, ನನ್ನ ಪಾಲಿನ ನಳಿ ಎಲುಬನ್ನು ತಾಟಿನ ಅಂಚಿಗೆ ಕುಟ್ಟಿ, ಕಣ್ಣಲ್ಲಿ ಕಣ್ಣಿಟ್ಟು ಹೀರಿದ. "ಇನ್ನೊಂದೀಟು ಬ್ಯಾಳಿ ಹಾಕ್ರಿ ಮಾವುಲಿಗೆ," ಅಂದ.